ದನದ ದವಾಖಾನೆ

ಸರಕಾರದ ಹಲಗೆಯ ಮೇಲೆ ‘ಪಶು ಚಿಕಿತ್ಸಾಲಯ’ ಎಂದು ದೊಡ್ಡಕ್ಷರಗಳಲ್ಲಿ ಬರೆದಿರುತ್ತದೆ. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಜನ ಅದನ್ನು ಓದುತ್ತಾರೆ. ಆಡುವುದು ಮಾತ್ರ ‘ದನದ ದವಾಖಾನಿ’ ಎಂದೇ. ಸಂಸ್ಕೃತದ ‘ಧನ’ವೇ ತದ್ಭವವಾಗಿ ‘ದನ’ವಾಯಿತೆಂದು ನಿಘಂಟುಕಾರರು ಹೇಳುತ್ತಾರೆ. ‘ದವಾ’ ಅರಬ್ಬಿಯ ಮದ್ದು, ‘ಖಾನೆ’ ಪಾರಸಿಯ ಮನೆ. ಮೂರು ಭಾಷೆಗಳು ಕೂಡಿ ಆದ ಈ ಮಾತು ನಮ್ಮ ಒಕ್ಕಲಿಗರ ಬಾಯಲ್ಲಿ ಅಚ್ಚಗನ್ನಡದಂತೆ ಹೊರಳುತ್ತದೆ.

ಬೆಳಗಿನ ಹೊತ್ತು ಅದರ ಅಂಗಳವನ್ನು ನೋಡಬೇಕು. ಬೇವಿನ ಗಿಡದ ಕೆಳಗೆ ಜರ್ಸಿ ಆಕಳೊಂದು ತಲೆ ಇಳಿಬಿಟ್ಟು ನಿಂತಿರುತ್ತದೆ. ಹೆಗಲಿಗೆ ಹುಣ್ಣಾದ ಖಿಲಾರಿ ಎತ್ತು, ಕುಂಟುವ ಆಡು, ಬುಟ್ಟಿಯಲ್ಲಿ ಮುಚ್ಚಿ ತಂದ ಕೋಳಿ, ಎಲ್ಲವೂ ಅಲ್ಲಿರುತ್ತವೆ. ಇವುಗಳ ನಡುವೆ ಪೇಟೆಯಿಂದ ಬಂದ ಹೆಣ್ಣುಮಗಳೊಬ್ಬಳು ಹೆಗಲಚೀಲದಲ್ಲಿ ಬೆಕ್ಕನ್ನಿಟ್ಟುಕೊಂಡು ಒಂದು ಮೂಲೆಯಲ್ಲಿ ಸಂಕೋಚದಿಂದ ಕುಳಿತಿರುತ್ತಾಳೆ. ದವಾಖಾನೆ ದನದ್ದು, ಬೆಕ್ಕಿಗೆ ಇಲ್ಲಿ ಪಾಳಿ ಉಂಟೋ ಇಲ್ಲವೋ ಎಂಬ ಅನುಮಾನ ಆಕೆಗೆ.

ಇಂಥ ಅಂಗಳಕ್ಕೆ ಹೋಗಿ ಬಂದವರು ಹೇಳಿದ ಮಾತುಗಳೇ ನನ್ನ ಇಂದಿನ ಭಾಷಣದ ಬಂಡವಾಳ. ನಾನು ವೈದ್ಯನಲ್ಲ, ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಆದರೆ ಈ ಸೀಮೆಯ ಶಾಲೆಯಲ್ಲಿ ಕನ್ನಡ ಕಲಿಸುವವನಿಗೆ ದನಕರುಗಳ ಸುದ್ದಿ ತಪ್ಪುವುದಿಲ್ಲ. ‘ಎಮ್ಮಿ ಈಯೂದಿತ್ತರೀ ಸರ್’ ಎಂದು ಹೇಳಿ ಹುಡುಗನೊಬ್ಬ ತಡವಾಗಿ ಬಂದರೆ ನಾನು ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಹುಡುಗರು ಹೇಳುವ ಕಾರಣಗಳಲ್ಲಿ ಸುಳ್ಳಾಗುವುದು ಅತ್ಯಂತ ಕಡಿಮೆ ಇದೇ.

ನಮ್ಮ ಹಳೆಯ ಕನ್ನಡಿಗರು ಈ ವಿದ್ಯೆಯನ್ನು ಕಡೆಗಣಿಸಿದವರಲ್ಲ. ಎರಡನೆಯ ಚಾವುಂಡರಾಯ ಸುಮಾರು 1025ರಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆ, ನೆಲದೊಳಗಿನ ನೀರು, ಗಿಡಮರಗಳ ಆರೈಕೆ ಇವುಗಳ ಜೊತೆಗೆ ದನಕರುಗಳ ಮದ್ದಿಗೂ ಜಾಗ ಸಿಕ್ಕಿದೆ. ಒಂದು ನೂರು ವರ್ಷ ಕಳೆದ ಮೇಲೆ, ಸುಮಾರು 1125ರಲ್ಲಿ, ಚಾಲುಕ್ಯ ಅರಸುಮನೆತನದ ಕೀರ್ತಿವರ್ಮ ‘ಗೋವೈದ್ಯ’ವೆಂಬ ಗ್ರಂಥವನ್ನೇ ಬರೆದ. ಮದ್ದೂ ಮಂತ್ರವೂ ಅದರಲ್ಲಿ ಬೆರೆತಿವೆ, ನಿಜ. ಆದರೂ ಅರಸುಮಗನೊಬ್ಬ ಕೊಟ್ಟಿಗೆಯ ಬೇನೆಗಳನ್ನು ಕುರಿತು ಪುಸ್ತಕ ಬರೆಯಲು ಕುಳಿತನೆಂಬುದು ಸಣ್ಣ ಮಾತೇನಲ್ಲ. ಇನ್ನೂ ಹಿಂದೆ ಹೋದರೆ, ಅಶೋಕ ಚಕ್ರವರ್ತಿ ತನ್ನ ಎರಡನೆಯ ಬಂಡೆಗಲ್ಲಿನ ಶಾಸನದಲ್ಲಿ ಮನುಷ್ಯರ ಚಿಕಿತ್ಸೆ, ಪಶುಗಳ ಚಿಕಿತ್ಸೆ ಎರಡನ್ನೂ ಒಂದೇ ಉಸಿರಿಗೆ ಹೇಳಿದ್ದಾನೆ.

ಗ್ರಂಥ ಓಲೆಗರಿಯಲ್ಲಿ ಉಳಿಯಿತು. ಹಳ್ಳಿಯಲ್ಲಿ ನಡೆದದ್ದು ಬೇರೆ. ಮೇವು ಬಿಟ್ಟ ದನಕ್ಕೆ ಕಬ್ಬಿಣ ಕಾಯಿಸಿ ಬರೆ ಎಳೆಯುವುದು, ಕಣ್ಣಿಗೆ ಖಾರ ಹಾಕುವುದು, ಬಿದಿರ ಗೊಟ್ಟದಿಂದ ಬಲವಂತವಾಗಿ ಕಷಾಯ ಸುರಿಯುವುದು. ಮಾಡಿದವರು ದುಷ್ಟರಲ್ಲ. ಬೇರೆ ಉಪಾಯ ಕಾಣದೆ ಮಾಡಿದರು. ಪಶುವೈದ್ಯದ ಮೊದಲ ಆಧುನಿಕ ಶಾಲೆ ಫ್ರಾನ್ಸಿನ ಲಿಯೋನಿನಲ್ಲಿ 1761ರಲ್ಲಿ ಏರ್ಪಟ್ಟಿತು. ನಮ್ಮ ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ, 1886ರಲ್ಲಿ ಆರಂಭವಾದ ಮುಂಬಯಿಯ ಪಶುವೈದ್ಯ ಕಾಲೇಜೇ ಬಹುಕಾಲ ನಮಗೆ ಹತ್ತಿರದ್ದು. ಬೆಂಗಳೂರಿನ ಹೆಬ್ಬಾಳದ ಕಾಲೇಜು 1958ರದು. ಊರಿಗೆ ಊರನ್ನೇ ಬರಿದುಮಾಡುತ್ತಿದ್ದ ‘ದೊಡ್ಡ ರೋಗ’ ಲೋಕದಿಂದಲೇ ತೊಲಗಿತೆಂದು 2011ರಲ್ಲಿ ಸಾರಲಾಯಿತು. ಮನುಷ್ಯರ ಸಿಡುಬಿನ ಅನಂತರ ಹೀಗೆ ಬುಡಸಹಿತ ಹೋದ ರೋಗ ಅದೊಂದೇ. ಹಳ್ಳಿ ಹಳ್ಳಿ ತಿರುಗಿ ಸೂಜಿ ಹಾಕಿದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ.

ಈ ದೊಡ್ಡ ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಸಣ್ಣ ಕಥೆಗಳಿಗೆ ಬರುತ್ತೇನೆ.

ಮೂಡಲಗಿ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಮುದುಕಿ. ಗಂಡನಿಲ್ಲ, ಒಂದು ಎಮ್ಮೆಯ ಹಾಲಿನ ಮೇಲೆ ಮನೆ ನಡೆಯುತ್ತದೆ. ಎಮ್ಮೆ ಹತ್ತು ತಿಂಗಳಿಗೂ ಮೇಲೆ, ಸುಮಾರು 310 ದಿನ, ಗರ್ಭ ಹೊರುವ ಪ್ರಾಣಿ. ಅಷ್ಟು ದಿನ ಕಾದ ಮೇಲೆ ಈಯುವ ಹೊತ್ತಿಗೆ ಕರು ಅಡ್ಡ ಬಿತ್ತು. ಕಾಲು ಬಂದಿವೆ, ತಲೆ ಹಿಂದಕ್ಕೆ ಮುರಿದುಕೊಂಡಿದೆ. ಸಂಜೆಯಿಂದ ನಾಲ್ಕಾರು ಗಂಡಸರು ಹಗ್ಗ ಕಟ್ಟಿ ಜಗ್ಗಿದರು. ವೈದ್ಯರು ಮೋಟಾರ್ ಸೈಕಲ್ಲಿನ ಮೇಲೆ ಬಂದು ಮುಟ್ಟಿದಾಗ ನಡುರಾತ್ರಿ. ಬಂದವರು ಯಾರನ್ನೂ ಬೈಯಲಿಲ್ಲ. ಭುಜದವರೆಗೆ ಸಾಬೂನು ಹಚ್ಚಿಕೊಂಡು, ಬಾಗಿ ಕೈಯಾಡಿಸಿ ನೋಡಿ, ಮುದುಕಿಯನ್ನು ಹತ್ತಿರ ಕರೆದರು.

‘ಯವ್ವಾ, ಕರು ಹೋಗೇತಿ. ಅದನ್ನ ಒಳಗ ಕೊಯ್ದು ತಗೀಬೇಕಾಗ್ತೈತಿ. ಎಮ್ಮಿ ಉಳಸಾಕ ನೋಡ್ತೀನಿ, ಆದರ ಖಾತ್ರಿ ಹೇಳೂದಿಲ್ಲ. ನೀ ಹೂಂ ಅಂದ್ರ ಅಷ್ಟ ಕೈ ಹಾಕ್ತೀನಿ.’

ಆಕೆ ಹೂಂ ಎಂದಳು. ಎರಡೂವರೆ ತಾಸು ಹಿಡಿಯಿತು. ಎಮ್ಮೆ ಉಳಿಯಿತು. ಕರುವಿಲ್ಲದ ಎಮ್ಮೆ ಹಾಲು ಇಳಿಸುವುದು ಕಷ್ಟ. ಕೆಲವರು ಹಾಲಿಗಾಗಿ ಸೂಜಿ ಚುಚ್ಚುತ್ತಾರೆ. ಅದು ಬೇಡ, ದಿನಾ ಒಂದೇ ಹೊತ್ತಿಗೆ ನೀನೇ ಕೂಡು, ಮುಂದೆ ಹಿಂಡಿ ಇಡು, ಮೈ ತಿಕ್ಕು, ಇಳಿಸುತ್ತದೆ ಎಂದು ಹೇಳಿ ಹೋದರು. ಮೂರನೆಯ ದಿನ ತಾವಾಗಿಯೇ ಮತ್ತೆ ಬಂದು ನೋಡಿದರು.

ನಾನು ಕೇಳಿದಾಗ ಆ ಮುದುಕಿಗೆ ಒಂದೂ ಔಷಧದ ಹೆಸರು ನೆನಪಿರಲಿಲ್ಲ. ನೆನಪಿದ್ದುದು ಎರಡೇ. ಒಂದು, ‘ನನ್ನ ಕೇಳಿ ಕೈ ಹಾಕಿದ್ರು.’ ಇನ್ನೊಂದು, ಎಲ್ಲ ಮುಗಿದ ಮೇಲೆ ಅವರು ಕೈ ತೊಳೆಯುತ್ತ, ‘ಮೊದಲ ನೀ ಚಾ ಕುಡಿ ಯವ್ವಾ’ ಎಂದದ್ದು.

ನಾನು ಮಾತಾಡಿಸಿದ ಹತ್ತಾರು ಜನರಲ್ಲಿ ಬಹುತೇಕ ಎಲ್ಲರದೂ ಇದೇ ಧಾಟಿ. ಗುಣವಾದ ಪ್ರಾಣಿಯ ಒಡೆಯನೂ, ಸತ್ತ ಪ್ರಾಣಿಯ ಒಡೆಯನೂ ನೆನೆಯುವುದು ಇದನ್ನೇ: ವೈದ್ಯರು ನಿಜ ಹೇಳಿದರೋ ಇಲ್ಲವೋ, ತನ್ನನ್ನು ಕೇಳಿದರೋ ಇಲ್ಲವೋ, ಪ್ರಾಣಿಯನ್ನು ಮುಟ್ಟಿದ ಕೈ ಎಂಥದು. ದಯೆ ಎಂದರೆ ಮೆತ್ತಗಿನ ಮಾತು ಎಂದು ನಾವು ತಿಳಿಯುತ್ತೇವೆ. ಈ ಮುದುಕಿಗೆ ಸಿಕ್ಕಿದ್ದು ಮೆತ್ತಗಿನ ಮಾತಲ್ಲ. ಕರು ಹೋಗಿದೆ ಎಂಬ ಕಟು ಮಾತೇ ಅದರ ಮೊದಲು.

2019ರ ಆಗಸ್ಟಿನಲ್ಲಿ ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಒಟ್ಟಿಗೆ ಏರಿ ಬಂದುದನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ಗೋಕಾಕದ ಪೇಟೆಯೊಳಗೆ ನೀರು ನುಗ್ಗಿತು. ಲೋಳಸೂರ ಸೇತುವೆ ಮುಳುಗಿತು. ಮೂಡಲಗಿ, ಹುಕ್ಕೇರಿ ತಾಲೂಕುಗಳ ಹೊಳೆದಂಡೆಯ ಹಳ್ಳಿಗಳು ಬರಿದಾದವು. ಆಗ ದಂಡೆಯ ಜನರ ಮುಂದೆ ಬಂದ ಪ್ರಶ್ನೆ ಒಂದೇ: ದನ ಬಿಟ್ಟು ಹೇಗೆ ಹೋಗುವುದು? ಕೆಲವರು ದನದ ಹಗ್ಗ ಹಿಡಿದುಕೊಂಡೇ ಎದೆಮಟ್ಟ ನೀರಿನಲ್ಲಿ ನಡೆದು ಬಂದರು. ಕೆಲವರು ಕಣ್ಣಿ ಬಿಚ್ಚಿ ಬಿಟ್ಟು, ದೇವರಿಗೆ ಒಪ್ಪಿಸಿ ಬಂದರು. ಬಿಚ್ಚಲು ಸಮಯ ಸಿಗದವರೂ ಇದ್ದರು. ಅವರನ್ನು ಆ ಮಾತು ಕೇಳಬಾರದು. ದಂಡೆಯಿಂದ ಎತ್ತರದ ಜಾಗಗಳಲ್ಲಿ ದನಗಳಿಗಾಗಿ ಶಿಬಿರಗಳಾದವು. ವಾರಗಟ್ಟಲೆ ಕೆಸರಿನಲ್ಲಿ ನಿಂತ ಗೊರಸು ಹುಣ್ಣಾಗುತ್ತದೆ, ಮಳೆಗಾಲದ ಗಳಲೆ ಬೇನೆಯಂತೂ ಬಂದರೆ ಒಂದೆರಡು ದಿನದಲ್ಲಿ ಮುಗಿಸುತ್ತದೆ. ಅಲ್ಲಿ ಕೆಲಸ ಮಾಡಿದ ವೈದ್ಯರು, ಕಂಪೌಂಡರರು ತಾವೂ ಒದ್ದೆಬಟ್ಟೆಯಲ್ಲೇ ಇದ್ದರು. ಒಬ್ಬ ರೈತ ನನಗೆ ಹೇಳಿದ: ‘ನಮ್ಮನ್ನ ಯಾರೂ ಉಂಡ್ರೇನು ಅಂತ ಕೇಳೋ ಮೊದಲ, ದನಕ್ಕ ಮೇವು ಬಂತೇನು ಅಂತ ಅವರು ಕೇಳಿದ್ರು ನೋಡ್ರಿ, ಆಗ ಸಮಾಧಾನ ಆತು.’

ಮೂರು ವರ್ಷದ ಮೇಲೆ, 2022ರಲ್ಲಿ, ಚರ್ಮಗಂಟು ರೋಗ ಬಂತು. ಆಫ್ರಿಕದ ಜಾಂಬಿಯದಲ್ಲಿ 1929ರಲ್ಲಿ ಮೊದಲು ಕಂಡ ಬೇನೆ ಇದು. 2019ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟಿತ್ತು. ಮೈತುಂಬ ನಾಣ್ಯದಷ್ಟು ಗಂಟು, ಸುಡುವ ಜ್ವರ, ಬಾತ ಕಾಲು, ಇಂಗಿದ ಹಾಲು. ಕಚ್ಚುವ ನೊಣ, ಸೊಳ್ಳೆಗಳಿಂದ ಒಂದರಿಂದ ಒಂದಕ್ಕೆ ಹಬ್ಬುತ್ತದೆ. ಸರಕಾರ ದನದ ಸಂತೆ, ಜಾತ್ರೆಗಳನ್ನು ನಿಲ್ಲಿಸಿತು. ಆಗ ಈ ಬೇನೆಗೆಂದೇ ಆದ ಲಸಿಕೆ ಕೈಯಲ್ಲಿರಲಿಲ್ಲ. ಆಡಿನ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕಿದರು. ಹಾಕಿದ ಮರುದಿನವೇ ರಕ್ಷಣೆ ಬರುವುದಿಲ್ಲ, ಎರಡು ಮೂರು ವಾರ ಬೇಕು. ಆ ನಡುವೆ ಬೇನೆ ಬಿದ್ದ ದನವನ್ನು ಕಂಡು ‘ಸೂಜಿಯಿಂದಲೇ ಬಂತು’ ಎಂದ ಜನರಿಗೆ ಮತ್ತೆ ಮತ್ತೆ ತಿಳಿಸಿ ಹೇಳುವುದೇ ವೈದ್ಯರಿಗೆ ಅರ್ಧ ಕೆಲಸವಾಯಿತು. ಮನುಷ್ಯರಿಗೆ ಅದು ಅಂಟುವುದಿಲ್ಲ, ಹಾಲು ಕಾಯಿಸಿ ಕುಡಿಯಬಹುದು ಎಂಬ ಮಾತನ್ನೂ ಮನೆಮನೆಯಲ್ಲಿ ಹೇಳಬೇಕಾಯಿತು.

ಹುಕ್ಕೇರಿ ಕಡೆಯ ಒಬ್ಬ ರೈತನ ಜೋಡಿ ಖಿಲಾರಿ ಎತ್ತುಗಳಲ್ಲಿ ಒಂದು ಆಗ ಹೋಯಿತು. ವೈದ್ಯರು ಹನ್ನೊಂದು ದಿನ ಬಂದರು. ಹುಣ್ಣಿಗೆ ಬೇವು, ಅರಿಶಿನ. ನೊಣ ಓಡಿಸಲು ಹೊಗೆ. ಜೊತೆಗೆ ಜ್ವರದ ಸೂಜಿ. ವೀಳ್ಯದೆಲೆ, ಮೆಣಸು, ಉಪ್ಪು, ಬೆಲ್ಲ ಅರೆದು ತಿನ್ನಿಸುವ ಮದ್ದನ್ನು ಮನೆಯವರು ಮಾಡಿದಾಗ ಅವರು ನಗಲಿಲ್ಲ. ‘ಮಾಡ್ರಿ, ಆದರ ಗೊಟ್ಟದಲೆ ಸುರೀಬ್ಯಾಡ್ರಿ, ನಾಲಿಗಿಗೆ ಸವರ್ರಿ’ ಎಂದರು. ತಲೆ ಎತ್ತಿ ಹಿಡಿದು ಗೊಟ್ಟದಿಂದ ಸುರಿದ ಮದ್ದು ಶ್ವಾಸಕೋಶಕ್ಕೆ ಇಳಿದರೆ, ಬೇನೆಗಿಂತ ಮೊದಲು ಮದ್ದೇ ಕೊಲ್ಲುತ್ತದೆ. ಅಷ್ಟೆಲ್ಲ ಮಾಡಿಯೂ ಎತ್ತು ಉಳಿಯಲಿಲ್ಲ. ಆ ವರ್ಷ ಸರಕಾರ ಸತ್ತ ಎತ್ತಿಗೆ 30,000, ಆಕಳಿಗೆ 20,000, ಕರುವಿಗೆ 5,000 ರೂಪಾಯಿ ಪರಿಹಾರ ಗೊತ್ತುಮಾಡಿತ್ತು. ಕಾಗದಪತ್ರ ಬರೆದುಕೊಳ್ಳುವಾಗ ವೈದ್ಯರು ಕೇಳಿದ ಒಂದು ಪ್ರಶ್ನೆ ಯಾವ ಫಾರ್ಮಿನಲ್ಲೂ ಇರಲಿಲ್ಲವಂತೆ: ‘ಇನ್ನೊಂದು ಎತ್ತು ಮೇವು ತಿಂತೈತೇನು?’ ತಿನ್ನುತ್ತಿರಲಿಲ್ಲ. ಜೊತೆಯ ಎತ್ತು ಖಾಲಿ ಗೂಟದ ಕಡೆ ಮುಖ ಮಾಡಿ ನಿಂತಿತ್ತು. ಅದನ್ನು ಆ ಜಾಗದಿಂದ ಬಿಡಿಸಿ ಆಕಳ ಪಕ್ಕ ಕಟ್ಟಲು ಅವರು ಹೇಳಿದರು. ರೈತ ಇದನ್ನು ಹೇಳುವಾಗ ಹಣದ ಮಾತನ್ನು ಎತ್ತಲೇ ಇಲ್ಲ. ನಾನು ಕೇಳಿದ ಮೇಲೆ ‘ಬಂತ್ರಿ’ ಎಂದಷ್ಟೇ ಹೇಳಿದ.

ಪೇಟೆಯ ಮನೆಗಳಿಗೆ ಬರೋಣ. ಕೇಳುತ್ತಿರುವ ನಿಮ್ಮಲ್ಲಿ ಎಮ್ಮೆ ಕಟ್ಟಿದವರು ಈಗ ಕಡಿಮೆ. ನಾಯಿ, ಬೆಕ್ಕು ಸಾಕಿದವರು ಬಹಳ. ನಾಯಿಯನ್ನು ದವಾಖಾನೆಗೆ ಒಯ್ಯುವವನಿಗೆ ಮೊದಲು ಎದುರಾಗುವುದು ಬೇನೆಯಲ್ಲ, ನಗೆ. ‘ನಾಯಿಗೂ ಸಲಾಯಿನ್ನೇ?’ ಎಂದು ಓಣಿಯವರು ನಗುತ್ತಾರೆ. ಗೋಕಾಕದ ಒಬ್ಬ ಹುಡುಗಿ, ನನ್ನ ವಿದ್ಯಾರ್ಥಿನಿ, ಎರಡು ತಿಂಗಳ ಮರಿಯೊಂದನ್ನು ವಾಂತಿಭೇದಿ ಹತ್ತಿ ರಕ್ತ ಬೀಳುವ ಸ್ಥಿತಿಯಲ್ಲಿ ಒಯ್ದಳು. ಪಾರ್ವೊ ಎಂಬ ಬೇನೆ. 1978ರಲ್ಲಿ ಗುರುತಾದದ್ದು, ಮರಿಗಳ ಪಾಲಿಗೆ ಯಮ. ಆರರಿಂದ ಎಂಟು ವಾರದೊಳಗೆ ಆರಂಭಿಸಿ ಸರಿಯಾಗಿ ಲಸಿಕೆ ಹಾಕಿಸಿದರೆ ತಡೆಯಬಹುದು. ಅಂಗಳದಲ್ಲಿದ್ದ ಯಾರೋ ನಕ್ಕರು. ವೈದ್ಯರು ತಲೆ ಎತ್ತದೆ, ‘ನಗೂದು ಬ್ಯಾಡ್ರಿ, ಇಕಿ ಮಗಳಿನ ಹಂಗ ಎತ್ತಿಕೊಂಡು ಬಂದಾಳ’ ಎಂದು ಸಣ್ಣ ಸೂಜಿ ಹುಡುಕತೊಡಗಿದರು. ದಾಖಲೆಯ ಪುಸ್ತಕದಲ್ಲಿ ಒಡೆಯನ ಹೆಸರಿಗೆ, ಊರಿಗೆ, ಪ್ರಾಣಿಯ ಜಾತಿಗೆ ಕಲಮುಗಳಿವೆ. ಪ್ರಾಣಿಯ ಹೆಸರಿಗೆ ಇಲ್ಲ. ಕಂಪೌಂಡರ್ ‘ನಾಯಿ’ ಎಂಬ ಮಾತಿನ ಮುಂದೆ ‘ರಾಣಿ’ ಎಂದು ಬರೆದುಕೊಂಡನಂತೆ. ಮರುದಿನ ಬೆಳಿಗ್ಗೆ ‘ರಾಣಿ ಯಾರದು?’ ಎಂದು ಕೂಗಿದಾಗ ಹುಡುಗಿಗೆ ಅರ್ಧ ಧೈರ್ಯ ಬಂತು. ರಾಣಿ ಈಗ ದೊಡ್ಡದಾಗಿದೆ. ಅಂಚೆಯವನನ್ನು ಕಂಡರೆ ಇಂದಿಗೂ ಆಗುವುದಿಲ್ಲ.

ಬೆಕ್ಕು ಸಾಕಿದವರಿಗೆ ಒಂದು ಮಾತು ಬಿಡಬಾರದು. ಜ್ವರಕ್ಕೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಸಾಕು ಬೆಕ್ಕನ್ನು ಕೊಲ್ಲಲು. ಪ್ರೀತಿಯಿಂದಲೇ ಕೊಟ್ಟವರಿದ್ದಾರೆ. ಆಕಳ ಸಹಜ ಶಾಖ ಸುಮಾರು 101.5 ಡಿಗ್ರಿ, ನಾಯಿ ಬೆಕ್ಕುಗಳದೂ ಹೆಚ್ಚು ಕಡಿಮೆ ಅಷ್ಟೇ. ನಮ್ಮ 98.4ರ ಅಳತೆ ಹಿಡಿದು ‘ಮೈ ಸುಡುತ್ತದೆ’ ಎಂದು ಮಾತ್ರೆ ಹುಡುಕಬಾರದು.

ಕಠಿಣ ಮಾತಿನ ದಯೆ ಬೇಕಾಗುವುದು ಹುಚ್ಚುನಾಯಿ ಬೇನೆಯಲ್ಲಿ. ನಾಯಿಗಾಗಲಿ ಆಕಳಿಗಾಗಲಿ ಅದು ತಗುಲಿದರೆ ಗಂಟಲು ಸೆಟೆದು ಜೊಲ್ಲು ಸುರಿಯುತ್ತದೆ, ನೀರು ಇಳಿಯುವುದಿಲ್ಲ. ಮನೆಯವರು ಎಲುಬೋ ಕಬ್ಬಿನ ತುಂಡೋ ಸಿಕ್ಕಿದೆಯೆಂದು ಬಾಯಲ್ಲಿ ಕೈ ಹಾಕುತ್ತಾರೆ. ಹುಕ್ಕೇರಿಯ ಒಂದು ಮನೆಯಲ್ಲಿ ಹೀಗೆಯೇ ಆಯಿತು. ವೈದ್ಯರು ನಾಯಿಯನ್ನು ದೂರದಿಂದ ನೋಡಿ, ಅಳುತ್ತಿದ್ದ ಹುಡುಗನನ್ನು ರಟ್ಟೆ ಹಿಡಿದು ಹೊರಗೆ ಕಳಿಸಿದರು. ಕೈ ಹಾಕಿದವರೆಲ್ಲರೂ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಮಂದಿ ದವಾಖಾನೆಗೆ ಹೋಗಲೇಬೇಕೆಂದು ಗದರಿದರು. ಚಿಹ್ನೆ ಕಂಡ ಮೇಲೆ ಪ್ರಾಣಿಗೂ ಮನುಷ್ಯನಿಗೂ ಮದ್ದಿಲ್ಲ. ಕಾಣುವ ಮೊದಲು ಹಾಕಿದ ಸೂಜಿ ಜೀವ ಉಳಿಸುತ್ತದೆ. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿಗಳ ಕಾಲ ಎಂದೋ ಹೋಯಿತು, ಈಗ ತೋಳಿಗೆ ಹಾಕುತ್ತಾರೆ. ಹುಡುಗ ಬಹಳ ದಿನ ಆ ವೈದ್ಯರ ಮೇಲೆ ಸಿಟ್ಟಾಗಿದ್ದ. ಈಗ ಅವನ ಮನೆಯಲ್ಲಿ ಇನ್ನೊಂದು ನಾಯಿಯಿದೆ. ಮೂರು ತಿಂಗಳು ತುಂಬಿದ ವಾರವೇ ಅದಕ್ಕೆ ಲಸಿಕೆ ಹಾಕಿಸಿಕೊಂಡು ಬಂದವನು ಅವನೇ.

ಕನ್ನಡದಲ್ಲಿ ‘ಸಾಕು’ ಎಂಬ ಎರಡು ಮಾತುಗಳಿವೆ. ಒಂದು ಪೋಷಿಸು ಎಂಬುದು, ಇನ್ನೊಂದು ಇಷ್ಟೇ ಬೇಕಾದದ್ದು ಎಂಬುದು. ಅಕ್ಷರ ಒಂದೇ. ಹದಿನಾಲ್ಕು ವರ್ಷದ ಮುದಿನಾಯಿ ಏಳಲಾರದೆ, ಮೈಯೆಲ್ಲ ಹುಣ್ಣಾಗಿ ಮಲಗಿದಾಗ, ಸಾಕಿದವನ ಬಾಯಿಂದ ಎರಡನೆಯ ‘ಸಾಕು’ ಬರುವುದು ಬಹಳ ಕಷ್ಟ. ನೋವಿಲ್ಲದೆ ಮಲಗಿಸುವ ಸೂಜಿ ಉಂಟು. ಅದನ್ನು ಹಾಕಿಸಿದವರೊಬ್ಬರು, ನಿವೃತ್ತ ಗುಮಾಸ್ತರು, ನನಗೆ ಹೇಳಿದ್ದು: ‘ಡಾಕ್ಟರು ಅವಸರ ಮಾಡಲಿಲ್ಲ. ಇವತ್ತು ಮನೆಗೆ ಒಯ್ಯಿರಿ, ರಾತ್ರಿ ಅದರ ಹತ್ತಿರ ಕೂಡಿರಿ, ನಾಳೆ ನಿಮಗೇ ತಿಳಿಯುತ್ತದೆ ಅಂದರು. ಮರುದಿನ ನಾನು ತೊಡೆಯ ಮೇಲೆ ಅದರ ತಲೆ ಇಟ್ಟುಕೊಂಡಿದ್ದೆ.’ ಹೊರಗೆ ಇಪ್ಪತ್ತು ದನ ಕಾದಿದ್ದವು. ಆದರೂ ವೈದ್ಯರು ಐದು ನಿಮಿಷ ಬಾಗಿಲು ಮುಂದೆ ಮಾಡಿಸಿದ್ದರು.

ಎಲ್ಲ ಕಡೆ ಹೀಗೆಯೇ ಎಂದು ನಾನು ಹೇಳಲಾರೆ. ಕುರ್ಚಿಯಿಂದ ಏಳದೆ ಚೀಟಿ ಬರೆದುಕೊಟ್ಟವರ ಕಥೆಗಳನ್ನೂ ಕೇಳಿದ್ದೇನೆ. ಊರಿನ ಹೆಸರು ಬೇಡ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಒಬ್ಬ ವೈದ್ಯರಿಗೆ ಹಲವು ಹಳ್ಳಿ. ಎಮ್ಮೆ ಒದ್ದು ಮೊಣಕಾಲು ಹೋದವರಿದ್ದಾರೆ. ಕಂದು ಹಾಕಿದ ಆಕಳ ಮಾಸು ತೆಗೆಯುವಾಗ ಬ್ರುಸೆಲ್ಲಾ ಜ್ವರ ಅಂಟಿ, ತಿಂಗಳುಗಟ್ಟಲೆ ಕೀಲುನೋವಿನಿಂದ ನರಳಿದವರಿದ್ದಾರೆ. ರೋಗಿ ತನ್ನ ನೋವನ್ನು ಹೇಳಲಾರದು. ಹೇಳಬೇಕಾದ ನಾವು ಎಷ್ಟೋ ಸಲ ಸುಳ್ಳು ಹೇಳುತ್ತೇವೆ. ನಾಲ್ಕು ದಿನದ ಬೇನೆಯನ್ನು ‘ನಿನ್ನೆಯಿಂದ’ ಎನ್ನುತ್ತೇವೆ. ಔಷಧದ ಅಂಗಡಿಯಿಂದ ತಂದು ಹಾಕಿದ್ದನ್ನು ಬಚ್ಚಿಡುತ್ತೇವೆ. ಬರೆ ಎಳೆದ ಗುರುತನ್ನು ಕೌದಿ ಹೊದಿಸಿ ಮುಚ್ಚುತ್ತೇವೆ. ಈಗ 1962ಕ್ಕೆ ಫೋನು ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುವ ಏರ್ಪಾಟು ಉಂಟು. ನಮ್ಮ ಹಿರಿಯರಿಗೆ ಆ ಅಂಕಿ ಯುದ್ಧದ ವರ್ಷ. ನೆನಪಿಡಲು ಅದೂ ಒಳ್ಳೆಯದೇ. ಆದರೆ ವಾಹನ ಬಂದ ಮೇಲೂ, ಎಂದಿನಿಂದ, ಏನು ತಿಂದಿತು, ಎಷ್ಟು ಸಲ ಸಗಣಿ ಹಾಕಿತು ಎಂಬುದನ್ನು ಹೇಳಬೇಕಾದವರು ನಾವೇ.

ನಮ್ಮ ಎಂಟನೆಯ ಇಯತ್ತೆಯ ಹುಡುಗನೊಬ್ಬ ಈ ಕೆಲಸವನ್ನು ಬಲು ಅಚ್ಚುಕಟ್ಟಾಗಿ ಮಾಡಿದ. ಅವರ ಮನೆಯ ಆಕಳಿಗೆ ಹೊಟ್ಟೆ ಉಬ್ಬರಿಸಿತ್ತು. ಹುಡುಗ ನನ್ನ ಕನ್ನಡ ವ್ಯಾಕರಣದ ವಹಿಯ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದ: ಮುಂಜಾನೆ ಆರಕ್ಕೆ ಹಸಿ ಮೇವು ತಿಂದಿತು, ಎಂಟಕ್ಕೆ ಮೆಲುಕು ನಿಂತಿತು, ಒಂಬತ್ತಕ್ಕೆ ಎಡಮಗ್ಗಲು ಉಬ್ಬಿತು, ಅಜ್ಜ ಎಣ್ಣೆ ಕುಡಿಸಿದ, ಎಷ್ಟೆಂದು ಹೇಳುವುದಿಲ್ಲ. ವೈದ್ಯರು ಅದನ್ನು ಓದಿ, ಆಕಳಿಗೆ ಮದ್ದು ಮಾಡಿ, ವಹಿಯನ್ನು ಹಿಂದಿರುಗಿಸುವಾಗ, ‘ಇಷ್ಟು ಛಲೋ ವರದಿ ಮಂದಿ ದವಾಖಾನ್ಯಾಗೂ ಬರೂದಿಲ್ಲ ತಮ್ಮಾ’ ಎಂದರಂತೆ. ವಹಿ ತಿದ್ದುವಾಗ ನಾನೂ ಆ ಪುಟ ನೋಡಿದೆ. ‘ಉಬ್ಬಿತು’ ಎಂಬಲ್ಲಿ ಒತ್ತು ಬಿಟ್ಟಿತ್ತು. ತಿದ್ದಲಿಲ್ಲ.